ಅರಿಸ್ಟೀಡ್ ಬ್ರಿಯಾಂಡ್

ಅರಿಸ್ಟೀಡ್ ಬ್ರಿಯಾಂಡ್ (28 ಮಾರ್ಚ್ 1862 – 7 ಮಾರ್ಚ್ 1932) ಫ್ರಾನ್ಸಿನ ಮೂರನೆಯ ಗಣರಾಜ್ಯದ ಕಾಲದ ಪ್ರಮುಖ ರಾಜಕಾರಣಿ, ವಾಗ್ಮಿ ಹಾಗೂ ರಾಜತಂತ್ರಜ್ಞರು. 1909ರಿಂದ 1929ರ ವರೆಗಿನ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅವರು ಹನ್ನೊಂದು ಬಾರಿ ಫ್ರಾನ್ಸಿನ ಪ್ರಧಾನಮಂತ್ರಿಯಾದರು. ಇದಲ್ಲದೆ ಇತರರ ಸಂಪುಟಗಳಲ್ಲಿಯೂ ಶಿಕ್ಷಣ, ನ್ಯಾಯ ಮತ್ತು ವಿದೇಶಾಂಗ ಖಾತೆಗಳನ್ನು ಅನೇಕ ಸಲ ನಿರ್ವಹಿಸಿದರು. ಧರ್ಮಸಂಸ್ಥೆ ಮತ್ತು ರಾಜ್ಯಗಳನ್ನು ಪ್ರತ್ಯೇಕಿಸಿದ 1905ರ ಕಾಯಿದೆ, 1925ರ ಲೊಕಾರ್ನೊ ಒಪ್ಪಂದಗಳು ಹಾಗೂ 1928ರ ಕೆಲಾಗ್-ಬ್ರಿಯಾಂಡ್ ಒಪ್ಪಂದ ಅವರ ಹೆಸರಿನೊಡನೆ ಬೆಸೆದುಕೊಂಡಿವೆ. 1926ರ ನೊಬೆಲ್ ಶಾಂತಿ ಪುರಸ್ಕಾರವನ್ನು ಅವರು ಜರ್ಮನಿಯ ವಿದೇಶಾಂಗ ಸಚಿವ ಗುಸ್ಟಾವ್ ಸ್ಟ್ರೆಸ್‌ಮನ್ ಅವರೊಡನೆ ಹಂಚಿಕೊಂಡರು.

ಒಬ್ಬನೇ ವ್ಯಕ್ತಿ ಹನ್ನೊಂದು ಬಾರಿ ಪ್ರಧಾನಿಯಾದುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಕಾಲದ ಫ್ರಾನ್ಸಿನ ಸಂಪುಟ ಪುನಾರಚನೆಯ ಪದ್ಧತಿಯಲ್ಲಿದೆ. ಬ್ರಿಯಾಂಡ್ ಅವರ ಸಾರ್ವಜನಿಕ ಜೀವನವು ಆ ಪದ್ಧತಿಯ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸುತ್ತದೆ.

ಬಾಲ್ಯ ಮತ್ತು ಶಿಕ್ಷಣ

ಬ್ರಿಯಾಂಡ್ ಪಶ್ಚಿಮ ಫ್ರಾನ್ಸಿನ ನಾಂತ್ ನಗರದಲ್ಲಿ ಜನಿಸಿದರು. ಅವರ ತಂದೆತಾಯಿಗಳು ಪಾನಗೃಹ ನಡೆಸಿ ಜೀವನ ಸಾಗಿಸುತ್ತಿದ್ದರು. ಕುಟುಂಬವು ಸ್ವಲ್ಪ ಕಾಲದಲ್ಲಿಯೇ ಲುವಾರ್ ನದಿಯು ಸಮುದ್ರ ಸೇರುವಲ್ಲಿರುವ ಸೆಂ-ನಾಜೇರ್ ಎಂಬ ಬಂದರು ಪಟ್ಟಣಕ್ಕೆ ಬಂದು ನೆಲೆಸಿತು. ಹಡಗು ಕಟ್ಟುವ ಕಾರ್ಮಿಕರು, ನಾವಿಕರು ಮತ್ತು ಸಣ್ಣ ವ್ಯಾಪಾರಿಗಳ ನಡುವೆ ಬೆಳೆದ ಅವರಿಗೆ ದುಡಿಯುವ ವರ್ಗದ ಬದುಕು ಚಿಕ್ಕಂದಿನಿಂದಲೇ ಪರಿಚಿತವಾಗಿತ್ತು. ನಾಂತ್ ನಗರದಲ್ಲಿ ಪ್ರೌಢ ವ್ಯಾಸಂಗ ಮಾಡುತ್ತಿದ್ದಾಗ ಅವರಿಗೆ ಆ ಊರಿನವರೇ ಆದ ಪ್ರಸಿದ್ಧ ಕಾದಂಬರಿಕಾರ ಜೂಲ್ಸ್ ವರ್ನ್ ಅವರ ಪರಿಚಯವಾಯಿತು. ವರ್ನ್ ತಮ್ಮ ಒಂದು ಬಾಲಕಾದಂಬರಿಯ ಸಾಹಸಿ ಹುಡುಗನಿಗೆ ಬ್ರಿಯಾಂಟ್ ಎಂಬ, ಇದನ್ನೇ ಹೋಲುವ ಹೆಸರನ್ನು ಇಟ್ಟಿದ್ದಾರೆ.

ಕಾನೂನು ವ್ಯಾಸಂಗ ಮುಗಿಸಿದ ಬ್ರಿಯಾಂಡ್ ಸೆಂ-ನಾಜೇರ್‌ನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಜೊತೆಗೆ ಸ್ಥಳೀಯ ಪತ್ರಿಕೆಯ ಸಂಪಾದನೆಯಲ್ಲಿ ತೊಡಗಿ, ಕಾರ್ಮಿಕ ಸಂಘಟಕ ಫೆರ್ನಾಂಡ್ ಪೆಲುಟಿಯೆ ಅವರೊಡನೆ ಸೇರಿ ಸಾರ್ವತ್ರಿಕ ಮುಷ್ಕರದ ವಿಚಾರವನ್ನು ಪ್ರಚಾರ ಮಾಡಿದರು. ಖಾಸಗಿ ಜೀವನಕ್ಕೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ ಅವರಿಗೆ ಶಿಕ್ಷೆಯಾಯಿತು. ಮೇಲಿನ ನ್ಯಾಯಾಲಯ ಅದನ್ನು ರದ್ದುಪಡಿಸಿದರೂ ಸಣ್ಣ ಊರಿನ ಅಪವಾದ ಅವರನ್ನು ಬಿಡಲಿಲ್ಲ. 1890ರ ದಶಕದ ಆರಂಭದಲ್ಲಿ ಅವರು ಪ್ಯಾರಿಸ್ಸಿಗೆ ತೆರಳಿ ಪತ್ರಿಕೋದ್ಯಮ ಮತ್ತು ಸಮಾಜವಾದಿ ಚಳವಳಿಯನ್ನು ಆಶ್ರಯಿಸಿದರು. ಕೆಲವು ಚುನಾವಣೆಗಳಲ್ಲಿ ಸೋತ ಬಳಿಕ 1902ರಲ್ಲಿ ಕೈಗಾರಿಕಾ ನಗರವಾದ ಸೆಂತ್-ಎತಿಯೆನ್‌ನಿಂದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಆಗ ಅವರಿಗೆ ನಲವತ್ತು ವರ್ಷ. 1904ರಲ್ಲಿ ಜಾನ್ ಜೋರೆಸ್ ಆರಂಭಿಸಿದ ‘ಲ್ಯುಮಾನಿತೆ’ ಪತ್ರಿಕೆಯಲ್ಲಿಯೂ ಅವರ ಪಾತ್ರವಿತ್ತು.

1905ರ ಕಾಯಿದೆ

ನೆಪೋಲಿಯನ್ನನ ಕಾಲದ ಒಪ್ಪಂದದಂತೆ ಫ್ರಾನ್ಸಿನ ಸರ್ಕಾರವು ಪಾದ್ರಿಗಳಿಗೆ ಸಂಬಳ ನೀಡುತ್ತಿತ್ತು ಮತ್ತು ಬಿಷಪ್ಪರ ನೇಮಕದಲ್ಲಿ ಪಾಲು ಹೊಂದಿತ್ತು. ಈ ಸಂಬಂಧವನ್ನು ಕೊನೆಗೊಳಿಸುವ ಮಸೂದೆಯನ್ನು ಪರಿಶೀಲಿಸಲು ರಚಿತವಾದ ಸಂಸದೀಯ ಸಮಿತಿಗೆ ಬ್ರಿಯಾಂಡ್ ವರದಿಗಾರರಾದರು. ಚರ್ಚನ್ನು ದಂಡಿಸುವುದು ಅನೇಕ ಗಣರಾಜ್ಯವಾದಿಗಳ ಬಯಕೆಯಾಗಿದ್ದರೆ, ಕ್ಯಾಥೊಲಿಕರೂ ಒಪ್ಪಿ ಬದುಕಬಹುದಾದ ಕಾನೂನನ್ನು ರೂಪಿಸುವುದು ಬ್ರಿಯಾಂಡ್ ಅವರ ಗುರಿಯಾಗಿತ್ತು. ಚರ್ಚಿನ ಆಸ್ತಿಯನ್ನು ವಹಿಸಿಕೊಳ್ಳುವ ಸಂಘಗಳು ಆಯಾ ಧರ್ಮದ ಆಂತರಿಕ ವ್ಯವಸ್ಥೆಗೆ ಅನುಗುಣವಾಗಿರಬೇಕೆಂಬ ಅಂಶವನ್ನು ಸೇರಿಸಲು ಅವರು ಸಮ್ಮತಿಸಿದ್ದು ಇದೇ ಉದ್ದೇಶದಿಂದ. ಪ್ರತಿನಿಧಿ ಸಭೆಯು ಮಸೂದೆಯನ್ನು ಜುಲೈ 1905ರಲ್ಲಿ 341–233 ಮತಗಳಿಂದ ಅಂಗೀಕರಿಸಿತು. ಡಿಸೆಂಬರ್ 9ರಂದು ಅದು ಕಾಯಿದೆಯಾಯಿತು.

ಕಾಯಿದೆಯನ್ನು ಜಾರಿಗೆ ತರುವಾಗ ಚರ್ಚುಗಳ ಆಸ್ತಿಪಟ್ಟಿ ತಯಾರಿಸಲು ಹೋದ ಅಧಿಕಾರಿಗಳಿಗೆ ಹಲವೆಡೆ ಪ್ರತಿರೋಧ ಎದುರಾಯಿತು. ಮಾರ್ಚ್ 1906ರಲ್ಲಿ ಉತ್ತರ ಫ್ರಾನ್ಸಿನ ಒಂದು ಗ್ರಾಮದಲ್ಲಿ ಸಂಭವಿಸಿದ ಸಾವಿನ ಕುರಿತು ಸದನದಲ್ಲಿ ನಡೆದ ಚರ್ಚೆಯಲ್ಲಿ ರೂವಿಯೆ ಅವರ ಸಂಪುಟ ಪತನಗೊಂಡಿತು. ಅದರ ಸ್ಥಾನಕ್ಕೆ ಬಂದ ಸಾರಿಯೆನ್ ಸಂಪುಟದಲ್ಲಿ, ಕಾಯಿದೆಯನ್ನು ರೂಪಿಸಿದವರೇ ಅದನ್ನು ಜಾರಿಗೊಳಿಸಲಿ ಎಂದು ಬ್ರಿಯಾಂಡ್ ಅವರಿಗೆ ಶಿಕ್ಷಣ ಮತ್ತು ಧರ್ಮಾಚರಣೆ ಖಾತೆಯನ್ನು ನೀಡಲಾಯಿತು.

ಈ ಪದವಿಗೆ ಅವರು ತೆತ್ತ ಬೆಲೆ ದೊಡ್ಡದು. 1905ರಲ್ಲಿ ಒಂದುಗೂಡಿದ್ದ ಸಮಾಜವಾದಿ ಪಕ್ಷವು ತನ್ನ ಸದಸ್ಯರು ಇತರ ಪಕ್ಷಗಳ ಸಂಪುಟಗಳನ್ನು ಸೇರಬಾರದೆಂಬ ನಿಲುವು ತಳೆದಿತ್ತು. ಬ್ರಿಯಾಂಡ್ ಪಕ್ಷದಿಂದ ಹೊರಬರಬೇಕಾಯಿತು, ಹಳೆಯ ಸಂಗಾತಿ ಜೋರೆಸ್ ಅವರೊಡನೆ ದಾರಿ ಬೇರೆಯಾಯಿತು. ಅಂದಿನಿಂದ ಕೊನೆಯವರೆಗೂ ಅವರ ಬೆನ್ನಿಗೆ ದೊಡ್ಡ ಪಕ್ಷವೊಂದರ ಬಲ ಇರಲಿಲ್ಲ. ಒಂದು ಗುಂಪಿಗೆ ಕಟ್ಟುಬೀಳದ ಈ ಸ್ಥಿತಿಯೇ ಮುಂದೆ ಎಲ್ಲ ಗುಂಪುಗಳ ನಡುವೆ ಸಂಧಾನ ನಡೆಸಲು ಅವರಿಗೆ ಅನುಕೂಲವಾಯಿತು.

ಮೂರನೆಯ ಗಣರಾಜ್ಯದಲ್ಲಿ ಸಂಪುಟ ರಚನೆಯ ಕ್ರಮ

ಬ್ರಿಯಾಂಡ್ ಅವರ ಏಳುಬೀಳುಗಳನ್ನು ಅರಿಯಲು ಅಂದಿನ ಸಂವಿಧಾನದ ಸ್ವರೂಪವನ್ನು ತಿಳಿಯುವುದು ಅವಶ್ಯಕ. 1875ರ ಸಂವಿಧಾನಾತ್ಮಕ ಕಾನೂನುಗಳ ಪ್ರಕಾರ ರಾಷ್ಟ್ರಾಧ್ಯಕ್ಷರನ್ನು ಸಂಸತ್ತಿನ ಎರಡು ಸದನಗಳು ಒಟ್ಟಾಗಿ ಏಳು ವರ್ಷಗಳ ಅವಧಿಗೆ ಆಯ್ಕೆ ಮಾಡುತ್ತಿದ್ದವು. ಸಚಿವರು ಸಾಮೂಹಿಕವಾಗಿ ಸದನಗಳಿಗೆ ಹೊಣೆಗಾರರಾಗಿದ್ದರು. ಪ್ರಧಾನಿಯ ಪದವಿಯನ್ನು ‘ಮಂತ್ರಿಪರಿಷತ್ತಿನ ಅಧ್ಯಕ್ಷ’ ಎಂದು ಕರೆಯಲಾಗುತ್ತಿತ್ತು. ಈ ಪದವಿಗೆ ಪ್ರತ್ಯೇಕ ಇಲಾಖೆ ಇರಲಿಲ್ಲವಾದ್ದರಿಂದ ಪ್ರಧಾನಿಯಾದವರು ಒಳಾಡಳಿತ, ವಿದೇಶಾಂಗ ಅಥವಾ ಬೇರೊಂದು ಖಾತೆಯನ್ನೂ ಇಟ್ಟುಕೊಳ್ಳುವುದು ವಾಡಿಕೆಯಾಗಿತ್ತು.

ಸಂಪುಟವು ಪತನಗೊಂಡಾಗ ಪ್ರಧಾನಿ ಎಲಿಸೆ ಅರಮನೆಗೆ ತೆರಳಿ ಎಲ್ಲ ಸಚಿವರ ಪರವಾಗಿ ರಾಜೀನಾಮೆ ಸಲ್ಲಿಸುತ್ತಿದ್ದರು. ರಾಷ್ಟ್ರಾಧ್ಯಕ್ಷರು ಮೊದಲು ಎರಡು ಸದನಗಳ ಅಧ್ಯಕ್ಷರೊಡನೆ, ಬಳಿಕ ವಿವಿಧ ಗುಂಪುಗಳ ಮುಖಂಡರೊಡನೆ ಸಮಾಲೋಚಿಸಿ ಒಬ್ಬರಿಗೆ ಸಂಪುಟ ರಚನೆಯ ಹೊಣೆ ವಹಿಸುತ್ತಿದ್ದರು. ಅವರು ಖಾತೆಗಳ ಹಂಚಿಕೆಯ ಬಗ್ಗೆ ಮಾತುಕತೆ ನಡೆಸಿ ಪಟ್ಟಿ ಸಿದ್ಧಪಡಿಸಬೇಕು. ಸಾಧ್ಯವಾಗದಿದ್ದರೆ ಹೊಣೆ ಮತ್ತೊಬ್ಬರಿಗೆ ಹೋಗುತ್ತಿತ್ತು. ನೇಮಕದ ಆಜ್ಞೆ ಹೊರಟ ಕೆಲವು ದಿನಗಳಲ್ಲಿ ಹೊಸ ಸಂಪುಟವು ಸದನದ ಮುಂದೆ ನೀತಿ ಪ್ರಕಟಣೆಯನ್ನು ಓದಿ ವಿಶ್ವಾಸ ಪಡೆಯುತ್ತಿತ್ತು. ಆನಂತರ ಯಾವ ಸದಸ್ಯರು ಬೇಕಾದರೂ ಒಂದು ವಿಷಯದ ಬಗ್ಗೆ ಸರ್ಕಾರದ ವಿವರಣೆ ಕೇಳಿ, ಚರ್ಚೆಯ ಕೊನೆಯಲ್ಲಿ ನಿರ್ಣಯವನ್ನು ಮತಕ್ಕೆ ಹಾಕಿಸಬಹುದಾಗಿತ್ತು. ಸಂಪುಟಗಳು ಹೆಚ್ಚಾಗಿ ಬಿದ್ದದ್ದು ಇಂತಹ ಮತದಾನಗಳಲ್ಲಿಯೇ.

ರಾಷ್ಟ್ರಾಧ್ಯಕ್ಷರಿಗೆ ಸೆನೆಟ್ಟಿನ ಒಪ್ಪಿಗೆಯೊಡನೆ ಪ್ರತಿನಿಧಿ ಸಭೆಯನ್ನು ವಿಸರ್ಜಿಸುವ ಅಧಿಕಾರವಿತ್ತು. ಆದರೆ 1877ರಲ್ಲಿ ಮ್ಯಾಕ್‌ಮಹೋನ್ ಅದನ್ನು ಬಳಸಿ ಚುನಾವಣೆಯಲ್ಲಿ ಮುಖಭಂಗ ಅನುಭವಿಸಿದ ಮೇಲೆ ಮೂರನೆಯ ಗಣರಾಜ್ಯದ ಯಾವ ರಾಷ್ಟ್ರಾಧ್ಯಕ್ಷರೂ ಅದನ್ನು ಬಳಸಲಿಲ್ಲ. ಸರ್ಕಾರವನ್ನು ಬೀಳಿಸಿದರೆ ಚುನಾವಣೆ ಎದುರಿಸಬೇಕಾದೀತೆಂಬ ಅಂಜಿಕೆ ಸದಸ್ಯರಿಗೆ ಇರಲಿಲ್ಲ. ಹೀಗಾಗಿ 1870ರಿಂದ 1940ರ ವರೆಗಿನ 70 ವರ್ಷಗಳಲ್ಲಿ ಸುಮಾರು ನೂರು ಸಂಪುಟಗಳು ಬಂದುಹೋದವು.

ಆದರೆ ಸಂಪುಟ ಬದಲಾದಾಗಲೆಲ್ಲ ಸಚಿವರೆಲ್ಲರೂ ಬದಲಾಗುತ್ತಿರಲಿಲ್ಲ. ಪದವಿಗೆ ಅರ್ಹರೆಂದು ಎಣಿಸಲಾದ ಕೆಲವೇ ಮಂದಿ ಖಾತೆಯಿಂದ ಖಾತೆಗೆ ಸರಿಯುತ್ತಿದ್ದರು. ಕೆಲವು ಸಲ ಪ್ರಧಾನಿಯೇ ಎಲ್ಲರ ರಾಜೀನಾಮೆ ಸಲ್ಲಿಸಿ, ಬೇಡವಾದ ಕೆಲವರನ್ನು ಬಿಟ್ಟು, ಮರುದಿನವೇ ಮತ್ತೆ ನೇಮಕಗೊಳ್ಳುತ್ತಿದ್ದರು. ಬಿರುಕುಬಿಟ್ಟ ಗೋಡೆಗೆ ಮತ್ತೆ ಗಾರೆ ಬಳಿಯುವುದೆಂಬ ಅರ್ಥದ ‘ರೆಪ್ಲಾತ್ರಾಜ್’ ಎಂಬ ಪದವನ್ನು ಫ್ರೆಂಚರು ಇಂತಹ ತೇಪೆ ಕೆಲಸಕ್ಕೆ ಬಳಸುತ್ತಾರೆ. ಇತಿಹಾಸಕಾರರು ಹೀಗೆ ರಾಜೀನಾಮೆಯಾಗಿ ಪುನಃ ನೇಮಕಗೊಂಡ ಪ್ರತಿಯೊಂದನ್ನೂ ಹೊಸ ಸಂಪುಟವೆಂದು ಎಣಿಸುವುದರಿಂದಲೇ ಬ್ರಿಯಾಂಡ್ ಅವರ ಸಂಪುಟಗಳ ಸಂಖ್ಯೆ ಹನ್ನೊಂದಕ್ಕೆ ಏರಿತು.

ಸಚಿವ ಪದವಿಯಿಂದ ಪ್ರಧಾನಿ ಪದವಿಗೆ (1906–1913)

ಅಕ್ಟೋಬರ್ 1906ರಲ್ಲಿ ಸಾರಿಯೆನ್ ಅವರ ಸ್ಥಾನಕ್ಕೆ ಜಾರ್ಜ್ ಕ್ಲೆಮೆನ್ಸೊ ಬಂದರು. ಬ್ರಿಯಾಂಡ್ ತಮ್ಮ ಖಾತೆಯಲ್ಲಿಯೇ ಮುಂದುವರಿದರು. ಪೋಪ್ ಹತ್ತನೆಯ ಪಿಯಸ್ ಅವರು ಕಾಯಿದೆಯ ಪ್ರಕಾರ ಸಂಘಗಳನ್ನು ರಚಿಸಬಾರದೆಂದು ಕ್ಯಾಥೊಲಿಕರನ್ನು ನಿರ್ಬಂಧಿಸಿದಾಗ, ಚರ್ಚುಗಳಿಗೆ ಬೀಗ ಹಾಕುವ ಬದಲು ಸಂಘಗಳಿಲ್ಲದೆಯೇ ಪೂಜೆಗೆ ಅವುಗಳನ್ನು ಬಳಸಲು ಅವಕಾಶ ನೀಡುವ ಕಾನೂನನ್ನು ಅವರು ಜನವರಿ 1907ರಲ್ಲಿ ತಂದರು. ದೇಶವು ದೊಡ್ಡ ಸಂಘರ್ಷವೊಂದರಿಂದ ಪಾರಾಯಿತು. ಮುಂದಿನ ವರ್ಷದ ಆರಂಭದಲ್ಲಿ ನ್ಯಾಯಾಂಗ ಸಚಿವರು ನಿಧನರಾದುದರಿಂದ ಸಂಪುಟದೊಳಗೇ ಖಾತೆಗಳು ಕೈಬದಲಾದವು. ಬ್ರಿಯಾಂಡ್ ನ್ಯಾಯಾಂಗಕ್ಕೆ ಸರಿದರು, ಶಿಕ್ಷಣ ಖಾತೆ ಗಾಸ್ತೊನ್ ದೂಮೆರ್ಗ್ ಅವರಿಗೆ ದೊರೆಯಿತು. ಸಂಪುಟ ಉಳಿದು ಖಾತೆ ಮಾತ್ರ ಬದಲಾಗುವ ಸರಳ ಪುನಾರಚನೆಗೆ ಇದು ಉದಾಹರಣೆ.

ಜುಲೈ 1909ರಲ್ಲಿ ನೌಕಾಪಡೆಯ ಸ್ಥಿತಿಯ ಬಗೆಗಿನ ಚರ್ಚೆಯಲ್ಲಿ ದೆಲ್ಕಾಸೆ ಅವರೊಡನೆ ಜಗಳವಾಡಿ ಕ್ಲೆಮೆನ್ಸೊ ಸೋತರು. ಕೆಲವೇ ದಿನಗಳಲ್ಲಿ ಬ್ರಿಯಾಂಡ್ ಮೊದಲ ಬಾರಿಗೆ ಪ್ರಧಾನಿಯಾದರು. 1910ರ ಅಕ್ಟೋಬರಿನಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದರು. ಒಂದು ಕಾಲದಲ್ಲಿ ಸಾರ್ವತ್ರಿಕ ಮುಷ್ಕರವನ್ನು ಬೋಧಿಸಿದ್ದ ಬ್ರಿಯಾಂಡ್ ಈಗ ನೌಕರರನ್ನು ಸೈನಿಕ ಸೇವೆಗೆ ಕರೆಯುವ ಆಜ್ಞೆ ಹೊರಡಿಸಿ ಮುಷ್ಕರವನ್ನು ಮುರಿದರು. ಆಜ್ಞೆಯನ್ನು ಮೀರಿದವರು ಸೈನಿಕ ಶಿಸ್ತಿಗೆ ಒಳಗಾಗಬೇಕಿತ್ತು. ಸಮಾಜವಾದಿಗಳು ಇದನ್ನು ದ್ರೋಹವೆಂದು ಖಂಡಿಸಿದರು. ಸದನದ ಬೆಂಬಲ ಪಡೆದಿದ್ದರೂ ನವೆಂಬರ್ 2ರಂದು ಬ್ರಿಯಾಂಡ್ ರಾಜೀನಾಮೆ ನೀಡಿ, ಮರುದಿನವೇ ಎರಡನೆಯ ಸಂಪುಟ ರಚಿಸಿದರು. ಹಿಂದಿನ ಸಮಾಜವಾದಿಗಳೇ ಆಗಿದ್ದ ವಿವಿಯಾನಿ ಮತ್ತು ಮಿಲೆರಾಂಡ್ ಅವರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಬಹುಮತ ತೀರ ತೆಳುವಾದಾಗ, ಫೆಬ್ರವರಿ 1911ರಲ್ಲಿ ಅವರು ಅಧಿಕಾರ ಬಿಟ್ಟರು.

1912ರಲ್ಲಿ ರೇಮಂಡ್ ಪ್ವಾಂಕಾರೆ ಅವರ ಸಂಪುಟದಲ್ಲಿ ಅವರು ನ್ಯಾಯಾಂಗ ಸಚಿವರಾದರು. ಜನವರಿ 1913ರಲ್ಲಿ ಪ್ವಾಂಕಾರೆ ರಾಷ್ಟ್ರಾಧ್ಯಕ್ಷರಾಗಿ ಆಯ್ಕೆಯಾದುದರಿಂದ ಬ್ರಿಯಾಂಡ್ ಮೂರನೆಯ ಸಲ ಪ್ರಧಾನಿಯಾದರು. ಫೆಬ್ರವರಿ 18ರಂದು ಪ್ವಾಂಕಾರೆ ಅಧಿಕಾರ ವಹಿಸಿಕೊಂಡಾಗ ಹೊಸ ರಾಷ್ಟ್ರಾಧ್ಯಕ್ಷರಿಗೆ ಸೌಜನ್ಯ ತೋರುವ ವಾಡಿಕೆಯಂತೆ ಸಂಪುಟವು ರಾಜೀನಾಮೆ ನೀಡಿ ಪುನಃ ನೇಮಕಗೊಂಡಿತು. ಇದನ್ನು ಅವರ ನಾಲ್ಕನೆಯ ಸಂಪುಟವೆಂದು ಎಣಿಸಲಾಗುತ್ತದೆ. ಒಂದೇ ತಿಂಗಳಲ್ಲಿ, ಪ್ರಮಾಣಾನುಗುಣ ಪ್ರಾತಿನಿಧ್ಯದ ಚುನಾವಣಾ ಸುಧಾರಣೆಯನ್ನು ಸೆನೆಟ್ ತಿರಸ್ಕರಿಸಿದ್ದರಿಂದ ಅದು ಕೊನೆಗೊಂಡಿತು. ಸಂಪುಟವನ್ನು ಬೀಳಿಸುವ ಶಕ್ತಿ ಕೆಳಮನೆಗೆ ಮಾತ್ರವಲ್ಲದೆ ಮೇಲ್ಮನೆಗೂ ಇತ್ತೆಂಬುದಕ್ಕೆ ಇದು ನಿದರ್ಶನ.

ಮಹಾಯುದ್ಧದ ಕಾಲ (1914–1917)

ಮೊದಲನೆಯ ಮಹಾಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸಿನತ್ತ ಮುನ್ನುಗ್ಗುತ್ತಿತ್ತು. 26 ಆಗಸ್ಟ್ 1914ರಂದು ಪ್ರಧಾನಿ ವಿವಿಯಾನಿ ತಮ್ಮ ಸಂಪುಟವನ್ನು ಪುನಾರಚಿಸಿ ಎಲ್ಲ ಪಕ್ಷಗಳ ಏಕತೆಯ ಸರ್ಕಾರ ರಚಿಸಿದರು. ಸಮಾಜವಾದಿಗಳಾದ ಜೂಲ್ಸ್ ಗೆಸ್ಡ್ ಮತ್ತು ಮಾರ್ಸೆಲ್ ಸೆಂಬಾ ಅವರೂ ಸಚಿವರಾದರು. ಬ್ರಿಯಾಂಡ್ ನ್ಯಾಯಾಂಗ ಸಚಿವರಾದರು. ಅಕ್ಟೋಬರ್ 1915ರಲ್ಲಿ ವಿದೇಶಾಂಗ ಸಚಿವ ದೆಲ್ಕಾಸೆ ಹೊರನಡೆದ ಬಳಿಕ ಸಂಪುಟ ಉಳಿಯಲಿಲ್ಲ. ಬ್ರಿಯಾಂಡ್ ಪ್ರಧಾನಿಯಾದರು, ಅದುವರೆಗೆ ಪ್ರಧಾನಿಯಾಗಿದ್ದ ವಿವಿಯಾನಿ ನ್ಯಾಯಾಂಗ ಸಚಿವರಾದರು. ಇಬ್ಬರೂ ಸ್ಥಾನ ಅದಲುಬದಲು ಮಾಡಿಕೊಂಡಂತಾಯಿತು.

1916ರಲ್ಲಿ ವರ್ಡನ್ ಕಾಳಗದ ಭಾರೀ ಸಾವುನೋವು ಸರ್ಕಾರದ ಮೇಲೆ ಒತ್ತಡ ತಂದಿತು. ಜೂನ್ ತಿಂಗಳಲ್ಲಿ ಸಂಸತ್ತು ಮೊದಲ ಬಾರಿಗೆ ರಹಸ್ಯ ಅಧಿವೇಶನ ನಡೆಸಿ ಯುದ್ಧದ ನಿರ್ವಹಣೆಯನ್ನು ಪ್ರಶ್ನಿಸಿತು. ಡಿಸೆಂಬರಿನಲ್ಲಿ ಬ್ರಿಯಾಂಡ್ ಸಂಪುಟವನ್ನು ಚಿಕ್ಕದಾಗಿಸಿ, ಆಯ್ದ ಸಚಿವರ ಯುದ್ಧಸಮಿತಿಯನ್ನು ರಚಿಸಿದರು. ಮೊರಾಕೊದಲ್ಲಿದ್ದ ಜನರಲ್ ಲಿಯೋತೆ ಅವರನ್ನು ಯುದ್ಧಸಚಿವರನ್ನಾಗಿ ಕರೆಸಿಕೊಂಡರು. ದಂಡನಾಯಕ ಜಾಫ್ರ್ ಅವರ ಸ್ಥಾನಕ್ಕೆ ನಿವೆಲ್ ಬಂದರು. ಆದರೆ ಸಂಸದೀಯ ರೀತಿನೀತಿಗಳು ಒಗ್ಗದ ಲಿಯೋತೆ, ಸೇನೆಯ ತಾಂತ್ರಿಕ ಮಾಹಿತಿಯನ್ನು ರಹಸ್ಯ ಅಧಿವೇಶನದಲ್ಲಿಯೂ ನೀಡಲು ನಿರಾಕರಿಸಿದರು. ಸದನದಲ್ಲಿ ಕೋಲಾಹಲವೆದ್ದು ಮಾರ್ಚ್ 1917ರಲ್ಲಿ ಅವರು ಪದತ್ಯಾಗ ಮಾಡಿದರು. ಅದರ ಬೆನ್ನಲ್ಲೇ ಬ್ರಿಯಾಂಡ್ ಅವರ ಆರನೆಯ ಸಂಪುಟವೂ ಕೊನೆಗೊಂಡಿತು. ಒಬ್ಬ ಸಚಿವರ ನಿರ್ಗಮನ ಇಡೀ ಸಂಪುಟವನ್ನು ಉರುಳಿಸಬಲ್ಲದೆಂಬುದು ಹೀಗೆ ಎರಡು ವರ್ಷಗಳೊಳಗೆ ಎರಡು ಬಾರಿ ಸಾಬೀತಾಯಿತು.

ಕಾನ್ ಸಮ್ಮೇಳನ (1921–1922)

ಜನವರಿ 1921ರಲ್ಲಿ ಬ್ರಿಯಾಂಡ್ ಏಳನೆಯ ಬಾರಿ ಪ್ರಧಾನಿಯಾಗಿ ವಿದೇಶಾಂಗವನ್ನೂ ವಹಿಸಿಕೊಂಡರು. ಅದೇ ವರ್ಷ ವ್ಯಾಟಿಕನ್ನಿನೊಡನೆ ರಾಯಭಾರ ಸಂಬಂಧವನ್ನು ಪುನಃ ಸ್ಥಾಪಿಸಿದರು. ಚರ್ಚು ಮತ್ತು ರಾಜ್ಯಗಳನ್ನು ಬೇರ್ಪಡಿಸಿದ ಕಾಯಿದೆಯ ರೂವಾರಿಯೇ ಈ ಕಾರ್ಯ ಮಾಡಿದುದು ಅವರ ಸ್ವಭಾವಕ್ಕೆ ತಕ್ಕುದಾಗಿತ್ತು. ಜನವರಿ 1922ರಲ್ಲಿ ಕಾನ್ ನಗರದಲ್ಲಿ ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಅವರೊಡನೆ ಜರ್ಮನಿಯ ಯುದ್ಧ ಪರಿಹಾರ ಹಾಗೂ ಫ್ರಾನ್ಸಿನ ಭದ್ರತೆಯ ಬಗ್ಗೆ ಮಾತುಕತೆ ನಡೆಸುತ್ತಿದ್ದಾಗ, ಅವರು ಹೆಚ್ಚು ಬಿಟ್ಟುಕೊಡುತ್ತಿದ್ದಾರೆಂಬ ಶಂಕೆ ಪ್ಯಾರಿಸ್ಸಿನಲ್ಲಿ ಬಲಗೊಂಡಿತು. ಲಾಯ್ಡ್ ಜಾರ್ಜ್ ಅವರಿಂದ ಗಾಲ್ಫ್ ಆಟ ಕಲಿಯುತ್ತಿದ್ದ ಅವರ ಛಾಯಾಚಿತ್ರ ಪತ್ರಿಕೆಗಳ ಹಾಸ್ಯಕ್ಕೆ ಗುರಿಯಾಯಿತು. ರಾಷ್ಟ್ರಾಧ್ಯಕ್ಷರಾಗಿದ್ದ ಮಿಲೆರಾಂಡ್ ತಂತಿ ಸಂದೇಶಗಳ ಮೂಲಕ ಆಕ್ಷೇಪ ಸೂಚಿಸಿದರು. ಬ್ರಿಯಾಂಡ್ ಪ್ಯಾರಿಸ್ಸಿಗೆ ಮರಳಿ, ಸದನದಲ್ಲಿ ತಮ್ಮ ನೀತಿಯನ್ನು ಸಮರ್ಥಿಸಿ, ಮತದಾನಕ್ಕೆ ಕಾಯದೆ ಜನವರಿ 12ರಂದು ರಾಜೀನಾಮೆ ನೀಡಿದರು. ನಂತರ ಬಂದ ಪ್ವಾಂಕಾರೆ ಕಠಿಣ ಧೋರಣೆ ತಳೆದು 1923ರಲ್ಲಿ ರೂರ್ ಪ್ರದೇಶಕ್ಕೆ ಸೇನೆ ಕಳುಹಿಸಿದರು.

ಫ್ರಾಂಕ್ ಬಿಕ್ಕಟ್ಟು ಮತ್ತು ಸಂಪುಟಗಳ ಸರಣಿ (1925–1926)

1924ರ ಚುನಾವಣೆಯಲ್ಲಿ ಎಡಪಕ್ಷಗಳ ಕೂಟ ಗೆದ್ದಿತು. ಆದರೆ ಹಣಕಾಸಿನ ಪ್ರಶ್ನೆಯಲ್ಲಿ ಅದರೊಳಗೆ ಒಮ್ಮತವಿರಲಿಲ್ಲ. ಬಂಡವಾಳದ ಮೇಲೆ ತೆರಿಗೆ ವಿಧಿಸಬೇಕೆಂದು ಸಮಾಜವಾದಿಗಳು ಹಟ ಹಿಡಿದರೆ, ಮಧ್ಯಮ ಮಾರ್ಗದ ರ್‍ಯಾಡಿಕಲ್ ಪಕ್ಷದವರು ಹಿಂಜರಿಯುತ್ತಿದ್ದರು. ಎರಿಯೊ ಅವರ ಸರ್ಕಾರ ಸೆನೆಟ್ಟಿನಲ್ಲಿ ಸೋತ ಬಳಿಕ ಏಪ್ರಿಲ್ 1925ರಲ್ಲಿ ಪಾಲ್ ಪೆನ್‌ಲೆವೆ ಪ್ರಧಾನಿಯಾದರು. ಬ್ರಿಯಾಂಡ್ ವಿದೇಶಾಂಗ ಸಚಿವರಾದರು. ಅಕ್ಟೋಬರಿನಲ್ಲಿ ಪೆನ್‌ಲೆವೆ ತಮ್ಮ ಹಣಕಾಸು ಸಚಿವ ಕಾಯೊ ಅವರನ್ನು ಕೈಬಿಡಲು ಬಯಸಿದರು. ಸಚಿವರು ತಾವಾಗಿ ಹೊರಹೋಗಲು ಒಪ್ಪದಿದ್ದರೆ ಅವರನ್ನು ತೆಗೆಯಲು ಇದ್ದ ಸುಲಭೋಪಾಯ ಒಂದೇ: ಇಡೀ ಸಂಪುಟದ ರಾಜೀನಾಮೆ. ಪೆನ್‌ಲೆವೆ ಹಾಗೆಯೇ ಮಾಡಿ ಎರಡು ದಿನಗಳಲ್ಲಿ ಹೊಸ ಪಟ್ಟಿಯೊಡನೆ ಮರಳಿದರು. ಅದೂ ಒಂದು ತಿಂಗಳು ಬಾಳಲಿಲ್ಲ.

28 ನವೆಂಬರ್ 1925ರಿಂದ 17 ಜುಲೈ 1926ರ ವರೆಗೆ ಎಂಟು ತಿಂಗಳೊಳಗೆ ಬ್ರಿಯಾಂಡ್ ತಮ್ಮ ಎಂಟು, ಒಂಬತ್ತು ಮತ್ತು ಹತ್ತನೆಯ ಸಂಪುಟಗಳನ್ನು ರಚಿಸಿದರು. ಹಣಕಾಸು ಖಾತೆ ಲೂಶೆರ್, ದೂಮೆರ್, ಪೆರೆ, ಕಾಯೊ ಎಂಬ ನಾಲ್ವರ ಕೈಯಲ್ಲಿ ಓಡಾಡಿತು. ಸಾಲಪತ್ರಗಳನ್ನು ಹೊಂದಿದ್ದ ಸಾಮಾನ್ಯ ಉಳಿತಾಯಗಾರರು ವಿಶ್ವಾಸ ಕಳೆದುಕೊಂಡರು. ಯುದ್ಧಕ್ಕೆ ಮುಂಚೆ ಒಂದು ಬ್ರಿಟಿಷ್ ಪೌಂಡಿಗೆ ಸುಮಾರು 25 ಫ್ರಾಂಕ್ ಇದ್ದದ್ದು 1926ರ ಜುಲೈನಲ್ಲಿ 240 ಫ್ರಾಂಕ್ ದಾಟಿತು. ಆಜ್ಞೆಗಳ ಮೂಲಕ ಆರ್ಥಿಕ ಕ್ರಮ ಕೈಗೊಳ್ಳುವ ಅಧಿಕಾರವನ್ನು ಕಾಯೊ ಕೇಳಿದಾಗ, ಪ್ರತಿನಿಧಿ ಸಭೆಯ ಅಧ್ಯಕ್ಷರಾಗಿದ್ದ ಎರಿಯೊ ಪೀಠದಿಂದ ಇಳಿದು ಬಂದು ವಿರೋಧಿಸಿದರು. ಸಂಪುಟ ಸೋತಿತು. ಎರಿಯೊ ತಾವೇ ರಚಿಸಿದ ಸಂಪುಟ ಕೆಲವೇ ದಿನಗಳಲ್ಲಿ ಉರುಳಿತು. ಕೊನೆಗೆ ಪ್ವಾಂಕಾರೆ ರಾಷ್ಟ್ರೀಯ ಏಕತೆಯ ಸರ್ಕಾರ ರಚಿಸಿ ಫ್ರಾಂಕ್ ಮೌಲ್ಯವನ್ನು ಸ್ಥಿರಗೊಳಿಸಿದರು. ಅದರಲ್ಲಿ ಪ್ವಾಂಕಾರೆ ಅವರೂ ಸೇರಿ ಆರು ಮಂದಿ ಮಾಜಿ ಪ್ರಧಾನಿಗಳಿದ್ದರು. ವಿದೇಶಾಂಗ ಖಾತೆ ಮತ್ತೆ ಬ್ರಿಯಾಂಡ್ ಅವರದಾಯಿತು.

ವಿದೇಶಾಂಗ ನೀತಿ

ಏಪ್ರಿಲ್ 1925ರಿಂದ ಜನವರಿ 1932ರ ವರೆಗೆ, ಎರಿಯೊ ಅವರ ಕೆಲವು ದಿನಗಳ ಸಂಪುಟವೊಂದನ್ನು ಬಿಟ್ಟರೆ, ಹದಿನಾಲ್ಕು ಸಂಪುಟಗಳಲ್ಲಿ ಬ್ರಿಯಾಂಡ್ ವಿದೇಶಾಂಗ ಸಚಿವರಾಗಿದ್ದರು. ಪ್ರಧಾನಿಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಾದರೂ ಪ್ಯಾರಿಸ್ಸಿನ ವಿದೇಶಾಂಗ ಕಚೇರಿಯಲ್ಲಿ ಅವರೇ ಇದ್ದರು. ಹೊಸ ಸಂಪುಟ ರಚಿಸುವವರು ಅವರನ್ನು ಕೈಬಿಟ್ಟರೆ ಎಡ ಮತ್ತು ಮಧ್ಯಮ ಗುಂಪುಗಳ ಬೆಂಬಲ ಕಳೆದುಕೊಳ್ಳುವ ಭಯವಿತ್ತು. ಜಿನೀವಾದ ರಾಷ್ಟ್ರಗಳ ಒಕ್ಕೂಟದಲ್ಲಿ ಅವರಿಗಿದ್ದ ಗೌರವವೂ ಅವರ ಸ್ಥಾನವನ್ನು ಭದ್ರಪಡಿಸಿತು.

ಈ ನಿರಂತರತೆಯಿಂದ ಜರ್ಮನಿಯೊಡನೆ ಸಾಮರಸ್ಯದ ನೀತಿಗೆ ಕಾಲಾವಕಾಶ ದೊರೆಯಿತು. ಅಕ್ಟೋಬರ್ 1925ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಫ್ರಾನ್ಸ್, ಬೆಲ್ಜಿಯಂ ಮತ್ತು ಜರ್ಮನಿ ತಮ್ಮ ಗಡಿಗಳನ್ನು ಪರಸ್ಪರ ಮಾನ್ಯ ಮಾಡಿದವು. ಬ್ರಿಟನ್ ಮತ್ತು ಇಟಲಿ ಜಾಮೀನು ನಿಂತವು. ಒಪ್ಪಂದಗಳಿಗೆ ಲಂಡನ್ನಿನಲ್ಲಿ ಡಿಸೆಂಬರ್ 1ರಂದು ಅಂತಿಮ ಸಹಿ ಬಿತ್ತು. ಮಾತುಕತೆ ನಡೆದಾಗ ಇದ್ದ ಸಂಪುಟ ಆ ವೇಳೆಗೆ ಇರಲಿಲ್ಲ, ಆದರೆ ಮಾತುಕತೆ ನಡೆಸಿದ ಬ್ರಿಯಾಂಡ್ ಇದ್ದರು. ಸೆಪ್ಟೆಂಬರ್ 1926ರಲ್ಲಿ ಜರ್ಮನಿಯು ರಾಷ್ಟ್ರಗಳ ಒಕ್ಕೂಟದ ಸದಸ್ಯತ್ವ ಪಡೆದಾಗ ಅದನ್ನು ಸ್ವಾಗತಿಸಿ ಅವರು ಮಾಡಿದ ಭಾಷಣ ಯುರೋಪಿನಾದ್ಯಂತ ಶಾಂತಿಯ ಆಶೆ ಮೂಡಿಸಿತು.

ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಫ್ರಾಂಕ್ ಕೆಲಾಗ್ ಅವರೊಡನೆ ರೂಪಿಸಿದ, ಯುದ್ಧವನ್ನು ರಾಷ್ಟ್ರನೀತಿಯ ಸಾಧನವಾಗಿ ತ್ಯಜಿಸುವ ಒಪ್ಪಂದಕ್ಕೆ 27 ಆಗಸ್ಟ್ 1928ರಂದು ಪ್ಯಾರಿಸ್ಸಿನಲ್ಲಿ 15 ರಾಷ್ಟ್ರಗಳು ಸಹಿ ಹಾಕಿದವು. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತದ ಹೆಸರಿನಲ್ಲಿಯೂ ಅಂದು ಪ್ರತ್ಯೇಕ ಸಹಿ ಬಿತ್ತು. ಒಪ್ಪಂದವನ್ನು ಮುರಿದವರನ್ನು ತಡೆಯುವ ವ್ಯವಸ್ಥೆ ಅದರಲ್ಲಿ ಇಲ್ಲದಿದ್ದುದು ದೊಡ್ಡ ಕೊರತೆಯಾಗಿತ್ತು.

ಜುಲೈ 1929ರಲ್ಲಿ ಪ್ವಾಂಕಾರೆ ಅನಾರೋಗ್ಯದಿಂದ ನಿವೃತ್ತರಾದಾಗ ಬ್ರಿಯಾಂಡ್ ಹನ್ನೊಂದನೆಯ ಹಾಗೂ ಕೊನೆಯ ಬಾರಿ ಪ್ರಧಾನಿಯಾದರು. ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಯುರೋಪಿನ ರಾಷ್ಟ್ರಗಳ ನಡುವೆ ಒಂದು ಬಗೆಯ ಒಕ್ಕೂಟ ಸಂಬಂಧ ಏರ್ಪಡಬೇಕೆಂಬ ಸಲಹೆ ಮುಂದಿಟ್ಟರು. ಅಕ್ಟೋಬರ್ 22ರಂದು, ಹೇಗ್ ಸಮ್ಮೇಳನದ ತೀರ್ಮಾನಗಳ ಚರ್ಚೆಗೆ ಸಂಬಂಧಿಸಿದ ಮತದಾನದಲ್ಲಿ ಅವರ ಸಂಪುಟ ಬಿದ್ದಿತು. ಮುಂದಿನ ಪ್ರಧಾನಿ ಆಂದ್ರೆ ತಾರ್ದ್ಯೂ ಅವರು ಬ್ರಿಯಾಂಡ್ ಅವರನ್ನು ವಿದೇಶಾಂಗದಲ್ಲಿಯೇ ಉಳಿಸಿಕೊಂಡರು. ಯುರೋಪಿನ ಒಕ್ಕೂಟದ ಬಗೆಗಿನ ಲಿಖಿತ ಪ್ರಸ್ತಾವವನ್ನು ಮೇ 1930ರಲ್ಲಿ ಇತರ ಸರ್ಕಾರಗಳಿಗೆ ಕಳುಹಿಸಲಾಯಿತು.

ಕೊನೆಯ ವರ್ಷಗಳು

ಅಷ್ಟರಲ್ಲಿ ಕಾಲ ಬದಲಾಗಿತ್ತು. ಅಕ್ಟೋಬರ್ 1929ರಲ್ಲಿ ಸ್ಟ್ರೆಸ್‌ಮನ್ ನಿಧನರಾಗಿದ್ದರು. ಜಾಗತಿಕ ಆರ್ಥಿಕ ಕುಸಿತ ಆರಂಭವಾಗಿತ್ತು. ಸೆಪ್ಟೆಂಬರ್ 1930ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷ ಜರ್ಮನಿಯಲ್ಲಿ ಎರಡನೆಯ ದೊಡ್ಡ ಪಕ್ಷವಾಯಿತು. ಮಾರ್ಚ್ 1931ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಗಳು ಸುಂಕ ಒಕ್ಕೂಟದ ಯೋಜನೆ ಪ್ರಕಟಿಸಿದಾಗ ಸಾಮರಸ್ಯದ ನೀತಿ ಸೋತಿತೆಂದು ಬ್ರಿಯಾಂಡ್ ಅವರ ವಿರೋಧಿಗಳು ವಾದಿಸಿದರು. ಮೇ 13ರಂದು ನಡೆದ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಪಾಲ್ ದೂಮೆರ್ 442 ಮತಗಳನ್ನೂ ಬ್ರಿಯಾಂಡ್ 401 ಮತಗಳನ್ನೂ ಪಡೆದರು. ಬ್ರಿಯಾಂಡ್ ಸ್ಪರ್ಧೆಯಿಂದ ಹಿಂದೆ ಸರಿದರು.

ಈ ಸೋಲಿನ ನಂತರವೂ ಪ್ರಧಾನಿ ಪಿಯೆರ್ ಲಾವಾಲ್ ಅವರ ಸಂಪುಟದಲ್ಲಿ ಅವರು ಉಳಿದರು. ಆದರೆ ಆರೋಗ್ಯ ಕುಸಿಯುತ್ತಿತ್ತು. 7 ಜನವರಿ 1932ರಂದು ಯುದ್ಧಸಚಿವ ಆಂದ್ರೆ ಮಾಜಿನೊ ನಿಧನರಾದರು. ಒಂದು ಖಾತೆಯನ್ನು ತುಂಬಬೇಕಾದ ಸಂದರ್ಭವನ್ನು ಲಾವಾಲ್ ಇಡೀ ಸಂಪುಟದ ಪುನಾರಚನೆಗೆ ಬಳಸಿಕೊಂಡರು. ಜನವರಿ 12ರಂದು ರಾಜೀನಾಮೆ ನೀಡಿ, 14ರಂದು ಹೊಸ ಪಟ್ಟಿ ಪ್ರಕಟಿಸಿದರು. ಯುದ್ಧ ಖಾತೆ ತಾರ್ದ್ಯೂ ಅವರಿಗೆ ಹೋಯಿತು. ವಿದೇಶಾಂಗವನ್ನು ಲಾವಾಲ್ ತಾವೇ ಇಟ್ಟುಕೊಂಡರು. ಬ್ರಿಯಾಂಡ್ ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅಷ್ಟು ಸಂಪುಟಗಳ ಪತನವನ್ನು ದಾಟಿ ಬಂದವರನ್ನು ಕೊನೆಗೆ ಅಧಿಕಾರದಿಂದ ಹೊರಗಿಟ್ಟದ್ದು ಸದನದ ಸೋಲಲ್ಲ, ಎರಡು ದಿನಗಳಲ್ಲಿ ಮುಗಿದ ಪುನಾರಚನೆ. ಆ ಹೊಸ ಸಂಪುಟವೂ ಫೆಬ್ರವರಿಯಲ್ಲಿ ಸೆನೆಟ್ಟಿನಲ್ಲಿ ಸೋತು ಕೊನೆಗೊಂಡಿತು.

ಬ್ರಿಯಾಂಡ್ 7 ಮಾರ್ಚ್ 1932ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಅವರು ಅವಿವಾಹಿತರಾಗಿದ್ದರು. ಸರ್ಕಾರಿ ಗೌರವದೊಡನೆ ಅಂತಿಮ ಯಾತ್ರೆ ನಡೆಯಿತು. ನಾರ್ಮಂಡಿಯ ಕೋಶರೆಲ್ ಎಂಬ ಹಳ್ಳಿಯಲ್ಲಿ, ಅವರು ಬಿಡುವಿನ ದಿನಗಳನ್ನು ಕಳೆಯುತ್ತಿದ್ದ ಸ್ಥಳದಲ್ಲಿ, ಅವರ ಸಮಾಧಿಯಿದೆ.

ನಂತರದ ಬದಲಾವಣೆಗಳು

ಎರಡನೆಯ ಮಹಾಯುದ್ಧದ ಬಳಿಕ ಬಂದ ನಾಲ್ಕನೆಯ ಗಣರಾಜ್ಯದಲ್ಲಿಯೂ ಸಂಪುಟಗಳ ಅಸ್ಥಿರತೆ ಮುಂದುವರಿಯಿತು. 1958ರ ಸಂವಿಧಾನದೊಡನೆ ಆರಂಭವಾದ ಐದನೆಯ ಗಣರಾಜ್ಯವು ಈ ಅನುಭವದಿಂದ ಪಾಠ ಕಲಿತು ನಿಯಮಗಳನ್ನು ಬದಲಿಸಿತು. ಅದರ 8ನೆಯ ವಿಧಿಯಂತೆ ರಾಷ್ಟ್ರಾಧ್ಯಕ್ಷರು ಪ್ರಧಾನಿಯನ್ನು ನೇಮಿಸುತ್ತಾರೆ, ಪ್ರಧಾನಿಯ ಸಲಹೆಯಂತೆ ಇತರ ಸಚಿವರನ್ನು ನೇಮಿಸುತ್ತಾರೆ ಮತ್ತು ಕೈಬಿಡುತ್ತಾರೆ. ಒಬ್ಬ ಸಚಿವರನ್ನು ತೆಗೆಯಲು ಇಡೀ ಸಂಪುಟ ರಾಜೀನಾಮೆ ನೀಡಬೇಕಾದ ಅಗತ್ಯ ಈಗಿಲ್ಲ. 12ನೆಯ ವಿಧಿಯು ಕೆಳಮನೆಯನ್ನು ವಿಸರ್ಜಿಸುವ ಅಧಿಕಾರವನ್ನು ರಾಷ್ಟ್ರಾಧ್ಯಕ್ಷರಿಗೆ ನೀಡುತ್ತದೆ. 23ನೆಯ ವಿಧಿಯಂತೆ ಸಚಿವರಾದವರು ಸಂಸತ್ತಿನ ಸದಸ್ಯರಾಗಿ ಮುಂದುವರಿಯುವಂತಿಲ್ಲ. 49ನೆಯ ವಿಧಿಯ ಪ್ರಕಾರ ಖಂಡನಾ ನಿರ್ಣಯ ಅಂಗೀಕಾರವಾಗಲು ಕೆಳಮನೆಯ ಒಟ್ಟು ಸದಸ್ಯರ ಬಹುಮತ ಬೇಕು. ಇಂತಹ ನಿರ್ಣಯದಿಂದ 1962ರಲ್ಲಿ ಜಾರ್ಜ್ ಪೊಂಪಿದು ಅವರ ಸರ್ಕಾರವೂ 2024ರಲ್ಲಿ ಮಿಶೆಲ್ ಬಾರ್ನಿಯೆ ಅವರ ಸರ್ಕಾರವೂ ಸೋತವು.

ಮೌಲ್ಯಮಾಪನ

ಬ್ರಿಯಾಂಡ್ ಕಡತಗಳನ್ನು ಓದುವುದಕ್ಕಿಂತ ಜನರ ಮಾತನ್ನು ಆಲಿಸುವುದರಲ್ಲಿ ನಿಪುಣರೆಂದು ಹೆಸರಾಗಿದ್ದರು. ಹಳೆಯ ಸಂಗಾತಿಗಳು ಅವರನ್ನು ತತ್ತ್ವಭ್ರಷ್ಟರೆಂದು ಕರೆದರೆ, ಬಲಪಂಥೀಯರು ಜರ್ಮನಿಗೆ ಶರಣಾದವರೆಂದು ಜರೆದರು. ಅವರ ಒಪ್ಪಂದಗಳು ಎರಡನೆಯ ಮಹಾಯುದ್ಧವನ್ನು ತಡೆಯಲಿಲ್ಲ. ಆದರೆ 1905ರ ಕಾಯಿದೆ ಇಂದಿಗೂ ಫ್ರಾನ್ಸಿನ ಸಾರ್ವಜನಿಕ ಜೀವನದ ಆಧಾರಸ್ತಂಭವಾಗಿದೆ. ಯುರೋಪಿನ ಏಕತೆಯ ಬಗೆಗೆ ಸರ್ಕಾರವೊಂದು ಮುಂದಿಟ್ಟ ಆರಂಭದ ಪ್ರಸ್ತಾವಗಳಲ್ಲಿ ಅವರ 1930ರ ಪ್ರಸ್ತಾವಕ್ಕೆ ಗಣ್ಯ ಸ್ಥಾನವಿದೆ. ಸಂಪುಟ ಪುನಾರಚನೆಯ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಅವರ ಜೀವನದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಸಂಪುಟಗಳು ಬದಲಾಗುತ್ತಿದ್ದರೂ ಖಾತೆಯೊಂದು ಒಬ್ಬರ ಕೈಯಲ್ಲಿಯೇ ಉಳಿದರೆ ನೀತಿಯೂ ಉಳಿಯುತ್ತದೆ. ವಿದೇಶಾಂಗದಲ್ಲಿ ನಡೆದದ್ದು ಅದು. ಖಾತೆ ಕೈಯಿಂದ ಕೈಗೆ ಹಾರುತ್ತಿದ್ದರೆ ಅದರ ನಷ್ಟ ಸಾಮಾನ್ಯ ಜನರ ಮೇಲೆ ಬೀಳುತ್ತದೆ. 1926ರಲ್ಲಿ ಹಣಕಾಸಿನಲ್ಲಿ ನಡೆದದ್ದು ಇದು.